ಹನ್ನೊಂದನೆಯ ಸೂಜಿ

ಕುಬಿಹಾಳದಲ್ಲಿ ಯಾರನ್ನೇ ಕೇಳಿ, ನೀಲಕ್ಕ ಸುಳ್ಳು ಹೇಳಿದವಳಲ್ಲ ಎನ್ನುತ್ತಾರೆ. ಎನ್ನಲಿ ಬಿಡಿ, ಊರಿನ ಬಾಯಿಗೆ ನಾನ್ಯಾಕೆ ಅಡ್ಡ ಬರಲಿ? ಎಪ್ಪತ್ತೆರಡು ವರ್ಷದ ಬಾಳಿನಲ್ಲಿ ಆಕೆ ಹೇಳಿದ್ದು ಎರಡೇ ಸುಳ್ಳು. ಒಂದನ್ನು ಡಾಕ್ಟರಿಗೆ ಹೇಳಿದಳು, ಇನ್ನೊಂದನ್ನು ನನಗೆ. ಎರಡರ ಭಾರವನ್ನೂ ಹೊತ್ತವಳು ನಾನು.

ನೀಲಕ್ಕ ನನ್ನ ದೊಡ್ಡವ್ವ, ನನ್ನವ್ವ ಅರುಣಾಳ ಅಕ್ಕ. ಅವ್ವ ಸತ್ತಾಗ ನನಗೆ ಮೂರು ವರ್ಷ. ಅಪ್ಪ ಅದಕ್ಕೂ ಮೊದಲೇ ಇನ್ನೊಬ್ಬಳನ್ನು ಕಟ್ಟಿಕೊಂಡು ಲಕ್ಷ್ಮೇಶ್ವರದ ಕಡೆ ಹೋಗಿದ್ದ, ಅವನ ಸುದ್ದಿ ಇಷ್ಟು ಸಾಕು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದ ದೊಡ್ಡವ್ವ ನನ್ನನ್ನು ಸಾಕಿದಳು, ಓದಿಸಿದಳು, ಹೊಲಿಗೆ ಕಲಿಸಿದಳು. ಈಗ ಸಂಶಿಯ ಬಸ್ ಸ್ಟ್ಯಾಂಡಿನ ಬಾಜು ನನ್ನದೊಂದು ಹೊಲಿಗೆ ಅಂಗಡಿ ಇದೆ. ಶಾಂಭವಿಯ ಬಾಯಿ ಜೋರು, ಹೊಲಿಗೆ ಮಾತ್ರ ಅಗದಿ ನೆಟ್ಟಗೆ ಎಂದು ಗಿರಾಕಿಗಳು ಹೇಳುತ್ತಾರೆ. ಬಾಯಿ ನನ್ನದೇ, ಹೊಲಿಗೆ ದೊಡ್ಡವ್ವನದು.

ದೊಡ್ಡವ್ವ ಕೆಲಸ ಮಾಡಿದ್ದು ಒಂದು ಧರ್ಮದಾಸ್ಪತ್ರೆಯಲ್ಲಿ. ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಹೆಸರು ಹೇಳಿ ಏನಾಗಬೇಕು. ಅಲ್ಲಿ ಕ್ಯಾನ್ಸರಿನ ಹೆಂಗಸರಿಗೆ ಸೂಜಿ ಇಡುತ್ತಿದ್ದರು. ಔಷಧ ಚುಚ್ಚುವ ಸೂಜಿಯಲ್ಲ. ಒಳಗೆ ಸೀಸಿಯಂ ಎಂಬ ಕಿರಣ ಸೂಸುವ ವಸ್ತು ತುಂಬಿದ, ಬೆರಳಿನ ಅರ್ಧ ಉದ್ದದ ಉಕ್ಕಿನ ಸೂಜಿ, ತುದಿಗೆ ಕರೀ ರೇಷ್ಮೆ ದಾರ. ರೋಗದ ಗಡ್ಡೆಯ ಸುತ್ತ ಅವನ್ನು ಚುಚ್ಚಿ ಐದು ದಿನ ಬಿಡುವುದು. ಅವುಗಳಿಂದ ಹೊರಡುವ ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಗಡ್ಡೆಯನ್ನು ಸುಡುತ್ತದೆ, ಹತ್ತಿರ ಬಹಳ ಹೊತ್ತು ಇದ್ದವರಿಗೂ ಕೇಡು. ಐದನೆಯ ದಿನ ದಾರ ಹಿಡಿದು ಎಳೆದು, ಎಣಿಸಿ, ಸೀಸದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು. ಡಾಕ್ಟರು ಎಳೆಯಬೇಕು, ಆಯಾ ನೀಲಕ್ಕ ಎಣಿಸಬೇಕು. ಪೆಟ್ಟಿಗೆಯಲ್ಲಿದ್ದದ್ದು ಹನ್ನೊಂದು ಸೂಜಿ. ಹದಿನಾಲ್ಕು ವರ್ಷ ಆಕೆ ಎಣಿಸಿದಳು, ಒಂದು ದಿನವೂ ಲೆಕ್ಕ ತಪ್ಪಲಿಲ್ಲ.

ಡಾಕ್ಟರು ಆಕೆಗೆ ಮೂರು ಮಾತು ಕಲಿಸಿದ್ದರಂತೆ. ಸೂಜಿಯ ಹತ್ತಿರ ಹೊತ್ತು ಕಳೆಯಬೇಡ, ದೂರ ನಿಲ್ಲು, ನಡುವೆ ಸೀಸ ಇಡು. ಆಕೆ ಇದನ್ನು ಪೂಜೆಯ ಮಂತ್ರ ಕಲಿತಂತೆ ಕಲಿತಳು. ಮನೆಯಲ್ಲೂ ಹಾಗೇ. ಸಂಜೆ ಹೊಲಿಗೆ ಮುಗಿದ ಮೇಲೆ ನಾನು ನಮ್ಮ ಡಬ್ಬಿಯ ಸೂಜಿಗಳನ್ನು ಎಣಿಸಿ ಹೇಳಬೇಕಿತ್ತು. ಒಂದು ಕಡಿಮೆಯಾದರೆ ಊಟವಿಲ್ಲ. ಚಾಪೆ ಝಾಡಿಸಬೇಕು, ನೆಲಕ್ಕೆ ಕೈಯಾಡಿಸಬೇಕು. "ಸೂಜಿಗೆ ಇಷ್ಟ್ಯಾಕ ಬೇ, ಎಂಟಾಣೆಕ್ಕ ಒಂದ್ ಬರ್ತದ" ಎಂದರೆ ಆಕೆಯ ಮುಖ ಕಪ್ಪಿಡುತ್ತಿತ್ತು. ಮುದುಕಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳುತ್ತಿದ್ದೆ. ಆಗ ಆಕೆಗೆ ನಲವತ್ತೈದೂ ಆಗಿರಲಿಲ್ಲ, ಪಾಪ.

ಅವ್ವನಿಗೂ ಅದೇ ರೋಗ ಬಂತು. ಅದೇ ಆಸ್ಪತ್ರೆಯಲ್ಲಿ, ಅದೇ ಸೂಜಿಗಳ ನಡುವೆ ಸತ್ತಳು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಊರ ಪಡುವಣದ ನಮ್ಮ ಕಪ್ಪು ಎರೆಮಣ್ಣಿನ ಹೊಲದ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ ಅವ್ವನ ಸಮಾಧಿ. ಅಲ್ಲಿಂದ ಇಪ್ಪತ್ತು ಹೆಜ್ಜೆಗೆ ದೊಡ್ಡವ್ವ ಮೂರು ಕಲ್ಲು ನೆಟ್ಟಿದ್ದಳು. ನಾನು ಆ ಕಲ್ಲು ದಾಟುವ ಹಾಗಿರಲಿಲ್ಲ. ಹಿರಿಯರ ಹಬ್ಬಕ್ಕೆ ಮನೆಯವರೆಲ್ಲ ಎಡೆ ಹಿಡಿದು ಸಮಾಧಿಗೆ ಹೋದರೆ ನಾನೊಬ್ಬಳು ಕಲ್ಲಿನ ಈಚೆಯೇ ನಿಲ್ಲಬೇಕು.

"ಯಾಕ?" ಎಂದು ಕೇಳಿದ್ದು ಆರನೆಯ ವರ್ಷದಲ್ಲಿ.

"ನಿಮ್ಮವ್ವ ಸಾಯೂ ಮುಂದ ಹೇಳ್ಯಾಳ. ಶಾಂಭವಿನ್ನ ನನ್ನ ಹತ್ರ ತರಬ್ಯಾಡ್ರಿ ಅಂದಾಳ."

ಆರು ವರ್ಷದ ಕೂಸಿಗೆ ಹೇಳುವ ಮಾತೇ ಅದು? ನನ್ನ ಹುಟ್ಟಿನಿಂದಲೇ ಅವ್ವನಿಗೆ ರೋಗ ಬಂತೇನೋ, ಅದಕ್ಕೇ ನನ್ನ ಮುಖ ಬೇಡವಾಯಿತೇನೋ ಎಂದು ನನ್ನಷ್ಟಕ್ಕೇ ಅರ್ಥ ಕಟ್ಟಿಕೊಂಡೆ. ಒಂಬತ್ತನೆಯ ವರ್ಷ ಹಬ್ಬದ ದಿನ ಒಂದು ಹೋಳಿಗೆ ಕದ್ದು ಲಂಗದಲ್ಲಿ ಮುಚ್ಚಿಕೊಂಡು ಕಲ್ಲಿನ ತನಕ ಓಡಿದೆ. ಅವ್ವನಿಗೆ ಹೋಳಿಗೆ ಕೊಟ್ಟರೆ ಸಿಟ್ಟು ಇಳಿದೀತು ಎಂದು. ಒಂದು ಕಾಲು ಎತ್ತಿದ್ದೆನೋ ಇಲ್ಲವೋ, ದೊಡ್ಡವ್ವ ಹಿಂದಿನಿಂದ ಬಂದು ಜಡೆ ಹಿಡಿದೆಳೆದಳು. ಮನೆಯ ತನಕ ದರದರ ಎಳೆದುಕೊಂಡು ಹೋಗಿ, ಅಂಗಳದಲ್ಲಿ ನಿಲ್ಲಿಸಿ ತಲೆಗೆ ನೀರು ಸುರಿದಳು, ಹೊಸ ಲಂಗ ಬಿಚ್ಚಿ ಒಲೆಗೆ ಹಾಕಿದಳು. ಅಂದೇ ನನಗೂ ಅವ್ವ ಬೇಡವಾದಳು. ನನ್ನನ್ನು ಬೇಡ ಎಂದವಳು ನನಗೆ ಯಾಕೆ ಬೇಕು? ಆಮೇಲೆ ಹಬ್ಬಕ್ಕೆ ಕರೆದರೂ ಹೊಲದ ಕಡೆ ಹೋಗಲಿಲ್ಲ. ಯಾರಾದರೂ ಅವ್ವನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದೆ.

ದೊಡ್ಡವ್ವ ಮಾತ್ರ ಹೋಗುತ್ತಿದ್ದಳು. ನಮ್ಮ ಎರೆಭೂಮಿ ನೋಡಿದವರಿಗೆ ಗೊತ್ತು, ಶಿವರಾತ್ರಿ ಕಳೆಯಿತೆಂದರೆ ಮೊಣಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬೇಸಿಗೆಯುದ್ದಕ್ಕೂ ದೊಡ್ಡವ್ವ ದಿನಾ ಎರಡು ಕೊಡ ನೀರು ಹೊತ್ತು ಅವ್ವನ ಸಮಾಧಿಗೆ ಹಾಕುತ್ತಿದ್ದಳು. ಸುತ್ತಲ ಹೊಲವೆಲ್ಲ ಬಾಯಿ ಬಿಟ್ಟರೂ ಅಲ್ಲೊಂದು ಬಿರುಕು ಬಿಡಲು ಬಿಡುತ್ತಿರಲಿಲ್ಲ. ನೀರು ಹಾಕಿ, ನೂರು ಎಣಿಸುವಷ್ಟರಲ್ಲಿ ತಿರುಗಿ ಬರುತ್ತಿದ್ದಳು. ತಂಗಿಯ ಮೇಲೆ ಎಷ್ಟು ಜೀವ ನೋಡು ಎಂದು ಊರು ಹೊಗಳುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ಹೋದ ಏಪ್ರಿಲ್‌ನಲ್ಲಿ ಕುಬಿಹಾಳಕ್ಕೆ ಒಂದು ಬಿಳಿ ಜೀಪು ಬಂತು. ನಾನು ಅಂದು ದೊಡ್ಡವ್ವನಿಗೆ ಹೊಲಿದ ಕುಪ್ಪಸ ಕೊಡಲು ಬಂದಿದ್ದೆ. ಜೀಪಿನಿಂದ ಇಳಿದವರು ಇಬ್ಬರು. ಒಬ್ಬರು ಕಾಶಿನಾಥ, ಕಿರಣ ಸೂಸುವ ವಸ್ತುಗಳ ಮೇಲೆ ಕಣ್ಣಿಡುವ ಸರಕಾರದ ಅಧಿಕಾರಿ, ನವಲಗುಂದದ ಕಡೆಯವರೇ. ಇನ್ನೊಬ್ಬರು ಹಂಗೇರಿ ದೇಶದ ಬೆಳ್ಳಿಗೂದಲ ಹೆಂಗಸು, ವಿಯೆನ್ನಾದಲ್ಲಿ ಕೆಲಸವಂತೆ. ಮರ್ಯಾದೆಯ ಹೆಂಗಸರನ್ನು ಕರೆಯುವಂತೆ ನಾವು ಆಕೆಯನ್ನು ಬಾಯಾರು ಎಂದೇ ಕರೆದೆವು.

ಕಾಶಿನಾಥ ವಿಷಯ ಹೇಳಿದರು. ಮುಚ್ಚಿಹೋದ ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ ಇಂಥ ವಸ್ತುಗಳು ಬೀಗದೊಳಗೇ ಉಳಿದಿವೆ. ಕಳ್ಳರ ಕೈಗೆ, ಗುಜರಿಯವರ ಕೈಗೆ ಸಿಗಬಾರದೆಂದು ಹಲವು ದೇಶಗಳು ಸೇರಿ ಒಂದೊಂದನ್ನೂ ಹುಡುಕಿ ಕೂಡಿಡುತ್ತಿವೆ. ಸೂಜಿಗಳನ್ನು ಮಾಡಿದ ದೇಶದವರು ತಮ್ಮ ಹಳೆಯ ಕಡತ ತೆಗೆದು, ಇಂಥ ಆಸ್ಪತ್ರೆಗೆ ಹನ್ನೊಂದು ಕೊಟ್ಟಿದ್ದೆವು ಎಂದು ಬರೆದು ಕಳಿಸಿದ್ದರು. ಬಾಯಾರು ಬಂದು ಸೀಸದ ಪೆಟ್ಟಿಗೆ ತೆರೆಸಿದಾಗ ಒಳಗೆ ಹನ್ನೊಂದೇ ಇದ್ದವು.

"ಎಣಿಕಿ ಬರೋಬ್ಬರಿ ಐತ್ರಿ," ಎಂದರು ಕಾಶಿನಾಥ. "ಆದ್ರ ಮಿಷನ್ ಹಿಡಿದು ಒಂದೊಂದ ಅಳೀತೀವಲ್ಲ, ಹತ್ತು ಕೂಗಿದ್ವು. ಒಂದು ಸುಮ್ನ ಕುಂತತ್ರಿ. ಅದು ಆ ಸೂಜಿನ ಅಲ್ಲ."

ಆ ಸುಮ್ಮನೆ ಕೂತದ್ದರ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದರು. ಚೀಲ ಹೊಲಿಯುವ ದಬ್ಬಣವನ್ನು ಕತ್ತರಿಸಿದ ತುಂಡು, ತುದಿಗೆ ಕರೀ ದಾರ. ಹಳೆಯ ಸಿಬ್ಬಂದಿಯಲ್ಲಿ ಜೀವಂತ ಉಳಿದವಳು ನೀಲಕ್ಕ ಒಬ್ಬಳೇ, ಏನಾದರೂ ನೆನಪಿದ್ದೀತೇ ಎಂದು ಕೇಳಲು ಬಂದಿದ್ದರು. ದೊಡ್ಡವ್ವ ಫೋಟೋ ನೋಡಲಿಲ್ಲ. ಗೋಡೆ ನೋಡುತ್ತಾ "ಮುದುಕಿನ್ನೇನ್ ಕೇಳ್ತೀರಿ ಬಿಡ್ರಿ" ಎಂದಳು.

ನಾನು ನೋಡಿದೆ. ದಾರಕ್ಕೆ ಎರಡು ಸುತ್ತು ಹಾಕಿ, ಉಳಿದ ಬಾಲವನ್ನು ಸುತ್ತಿನ ಕೆಳಗೇ ಸಿಕ್ಕಿಸಿ ಬಿಗಿದ ಗಂಟು. ಹತ್ತು ವರ್ಷದವಳಿದ್ದಾಗ ನನ್ನ ಬೆರಳಿನ ಮೇಲೆ ಬೆರಳಿಟ್ಟು ಆಕೆ ಕಲಿಸಿದ್ದು. ಸಂಶಿಯಲ್ಲಿ ಇನ್ನೊಬ್ಬ ಟೇಲರ್ ಹಾಗೆ ಗಂಟು ಹಾಕುವುದಿಲ್ಲ. ನಾನು ದಿನಕ್ಕೆ ನೂರು ಸಲ ಹಾಕುತ್ತೇನೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ದೊಡ್ಡವ್ವ, ಇದು ನಿನ್ನ ಗಂಟು ಅಲ್ಲೇನ ಬೇ?" ಎಂದುಬಿಟ್ಟೆ.

ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಹೇಳಿದಳು, ನನಗಲ್ಲ, ಆ ಪರದೇಶದ ಬಾಯಾರಿಗೆ. ಕಾಶಿನಾಥ ಒಂದೊಂದೇ ಮಾತನ್ನು ಇಂಗ್ಲಿಷಿಗೆ ಮಾಡುತ್ತಿದ್ದರು.

ಹನ್ನೊಂದೂ ಸೂಜಿ ಇಟ್ಟ ಮೂರನೆಯ ದಿನ ಅವ್ವನ ಎದೆ ನಿಂತಿತು. ಡಾಕ್ಟರು ಸೂಜಿ ಎಳೆದರು, ದೊಡ್ಡವ್ವ ಎಣಿಸಿದಳು. ಹತ್ತು. ಒಂದರ ದಾರ ಒಳಗೇ ಹರಿದಿತ್ತು. ಅಳೆಯುವ ಮಿಷನ್ ಕೆಟ್ಟು ರಿಪೇರಿಗೆ ಹೋಗಿತ್ತು. ಹೊರಗೆ ಅಜ್ಜ, ಮಣ್ಣು ಮಾಡಿಸುವ ಅಯ್ಯನವರು, ಊರ ಜನ ಕಾಯುತ್ತಿದ್ದರು. ಒಂದು ಕಡಿಮೆ ಎಂದರೆ ಹೆಣ ಬಿಡುವುದಿಲ್ಲ, ಕೊಯ್ದು ಹುಡುಕುತ್ತಾರೆ.

"ಡಾಕ್ಟರ್ ಕೇಳಿದ್ರು, ನೀಲಕ್ಕ ಸರಿ ಐತೇನ ಅಂತ. ಇದ್ದಾಗ ಮೈತುಂಬ ಚುಚ್ಚಿಸ್ಕೊಂಡಾಳ, ಸತ್ತ ಮ್ಯಾಲೂ ಕೊಯ್ಯೂದು ಬ್ಯಾಡ ಅನಿಸ್ತು. ಹನ್ನೊಂದು ಸರಿ ಅದಾವ್ರಿ ಅಂದೆ. ನನ್ನ ಮಾತಿನ ಮ್ಯಾಲ ಅವರು ತಿರುಗಿ ನೋಡ್ಲಿಲ್ಲ."

ಮರುದಿನ ಕಂಬಾರನ ಹತ್ತಿರ ದಬ್ಬಣ ತುಂಡು ಮಾಡಿಸಿ, ದಾರ ಕಟ್ಟಿ ಪೆಟ್ಟಿಗೆಯಲ್ಲಿಟ್ಟಳು. ಅದೇ ವರ್ಷ ಆಸ್ಪತ್ರೆಗೆ ಬೇರೆ ಯಂತ್ರ ಬಂತು, ಸೂಜಿಗಳನ್ನು ಯಾರೂ ಮತ್ತೆ ಹೊರಗೆ ತೆಗೆಯಲಿಲ್ಲ. ಹನ್ನೊಂದನೆಯ ಸೂಜಿ ಅವ್ವನ ಹೊಟ್ಟೆಯಲ್ಲೇ ಹೊಲಕ್ಕೆ ಬಂತು.

"ಕೂಸು ದಿನಾ ಗೋರಿ ಮ್ಯಾಲ ಹೋಗಿ ಕುಂದರತಿತ್ರಿ," ಎಂದಳು ದೊಡ್ಡವ್ವ, ನನ್ನ ಕಡೆ ನೋಡದೆ. "ಮೂರು ವರ್ಷದ್ದು. ಅವ್ವ ಇಲ್ಲೇ ಮಲಗ್ಯಾಳ ಅಂತ ಮಣ್ಣಿಗೆ ಕೆನ್ನಿ ಹಚ್ಚಿ ಮಲಗತಿತ್ತು. ಆ ಸೂಜಿ ಕೆಳಗ ಉರ್ಯಾಕ್ಹತ್ತೇತಿ ಅಂತ ನನಗೊಬ್ಬಾಕಿಗೇ ಗೊತ್ತು. ನಡುವ ಸೀಸ ಇಲ್ಲ. ಬ್ಯಾಸಗ್ಯಾಗ ಭೂಮಿ ಬಿರೀತದ, ಆ ಬಿರುಕಿನಾಗಿಂದ ಮ್ಯಾಲ ಬಂದ್ರ? ಏನರ ಹೇಳಿ ದೂರ ಇಡಬೇಕಾಗಿತ್ತು. ನೀರು ಹಾಕಿ ಬಿರುಕು ಮುಚ್ಚಿದೆ. ಕೂಸಿಗೆ ಸುಳ್ಳು ಹೇಳಿದೆ."

ಮಣ್ಣಿಗೆ ಕೆನ್ನೆ ಹಚ್ಚಿ ಮಲಗುತ್ತಿದ್ದೆನಂತೆ. ನನಗೆ ಅದರ ನೆನಪಿಲ್ಲ. 

ಎಲ್ಲರೂ ಹೊಲಕ್ಕೆ ಹೋದೆವು. ನಾನು ರೂಢಿಯಂತೆ ಕಲ್ಲಿನ ಹತ್ತಿರ ನಿಂತೆ. ದೊಡ್ಡವ್ವ ಚಪ್ಪಲಿ ಬಿಟ್ಟಳು, ಅದನ್ನು ನೋಡಿ ಬಾಯಾರೂ ಬೂಟು ಬಿಚ್ಚಿದರು. ಕಾಶಿನಾಥ ಕಿರಣ ಅಳೆಯುವ ಪೆಟ್ಟಿಗೆಯನ್ನು ಸಮಾಧಿಯ ಮೇಲಿಟ್ಟರು. ಟಿಕ್... ಟಿಕ್... ಹೊರಡುವ ಮೊದಲು ದೊಡ್ಡವ್ವನ ಮನೆಯ ಕಟ್ಟೆಯ ಮೇಲಿಟ್ಟು ನೋಡಿದಾಗ ಎಷ್ಟು ನಿಧಾನಕ್ಕೆ ಬಡಿದಿತ್ತೋ ಅಷ್ಟೇ. ಬಾಜುವಿನ ಬಿರುಕಿನೊಳಗೆ ಕೈ ಇಳಿಸಿ ಹಿಡಿದರು. ಅಲ್ಲೂ ಅಷ್ಟೇ.

"ಹಂಗಾರ ಆರಿ ಹೋಗೇತೇನ್ರಿ?" ಎಂದಳು ದೊಡ್ಡವ್ವ.

"ಇಲ್ಲಬೇ ಯವ್ವ. ಮೂವತ್ತು ವರ್ಷಕ್ಕ ಅರ್ಧಾ ಆಗ್ತದ ಅಷ್ಟ. ಆದ್ರ ಐದು ಫೂಟು ಮಣ್ಣು ಐತಲ್ಲ. ಅಷ್ಟು ಮಣ್ಣು ಗ್ವಾಡಿ ಇದ್ದಂಗ. ಸೀಸನ ಬೇಕಂತಿಲ್ಲ. ಏನೂ ಮ್ಯಾಲ ಬರೂದಿಲ್ಲ."

"ಈಗ ಬರೂದಿಲ್ಲ. ಆಗ ಬರತಿತ್ತಲ್ಲ?"

ಕಾಶಿನಾಥ ತಲೆ ತಗ್ಗಿಸಿದರು. "ಆಗೂ ಇಲ್ಲಬೇ. ಮೊದಲನೇ ದಿನದಿಂದಾನೂ ಇಲ್ಲ."

ದೊಡ್ಡವ್ವ ಅವರನ್ನು ಬಿಟ್ಟು ಬಾಯಾರ ಕಡೆ ತಿರುಗಿದಳು, ಬೇರೆ ದೇಶದವಳು ಬೇರೆ ಉತ್ತರ ಕೊಟ್ಟಾಳು ಎಂಬಂತೆ. ಬಾಯಾರು ಹೋಗಿ ಸಮಾಧಿಯ ಮೇಲೆ ಕೂತರು. ಕೂತು, ದೊಡ್ಡವ್ವನ ಕೈ ಹಿಡಿದುಕೊಂಡರು.  ಎಲ್ಲ ದೇಶದಲ್ಲೂ ಹೀಗೇ ಆಗಿದೆ, ಒಬ್ಬ ನಂಬಿಕಸ್ಥ ಮನುಷ್ಯನ ಎಣಿಕೆ ಸಾಕೆಂದು ಅಳೆಯುವುದನ್ನು ಬಿಟ್ಟಿರುತ್ತಾರೆ ಎಂದು ಬಾಯಾರು ಹೇಳಿದ್ದನ್ನು ಕಾಶಿನಾಥ ಕನ್ನಡಕ್ಕೆ ಮಾಡಿದರು. ಅದನ್ನು ಕಟ್ಟಿಕೊಂಡು ನನಗೇನಾಗಬೇಕಿತ್ತು? ಮೂವತ್ತೊಂದು ವರ್ಷ ಅವ್ವನಿಗೆ ನಾನು ಬೇಡವಾಗಿದ್ದೆ. ಅದೂ ಏನೂ ಇಲ್ಲದ್ದಕ್ಕೆ.

ಸೂಜಿಯನ್ನು ತೆಗೆಯಲೇಬೇಕು ಎಂದರು. ಹೊಲ ಉಳುವ ನನ್ನ ಸೋದರಮಾವ ಶಿದ್ಲಿಂಗಪ್ಪ ಕೆಂಡವಾದ. "ಕುಂತ ಹೆಣಾ ಎಬ್ಬಸ್ತೀರೇನ್ರಿ? ಅಪಾಯ ಇಲ್ಲಂದ್ರ ಬಿಟ್ಟು ಹೋಗ್ರಿ."

"ಗೊತ್ತಿದ್ದಾವ್ರು ಇರೂತನಕ ಅಪಾಯ ಇಲ್ರಿ," ಎಂದರು ಕಾಶಿನಾಥ. "ನಾವೆಲ್ಲ ಹೋದ ಮ್ಯಾಲೆ ಯಾರರ ಇಲ್ಲಿ ಕೃಷಿ ಹೊಂಡ ತೋಡಿ, ಆ ಸೂಜಿ ಕಿಸೆದಾಗ ಹಾಕ್ಕೊಂಡು ಮನೀಗೆ ಒಯ್ದ್ರ?"

ಮಗಳ ಒಪ್ಪಿಗೆ ಬೇಕೆಂದು ಕಾಗದ ನನ್ನ ಮುಂದೆ ಬಂತು. ಸಹಿ ಹಾಕಿದೆ. ಅವ್ವನ ಸಲುವಾಗಿ ನಾನು ಮಾಡಿದ ಮೊದಲ ಕೆಲಸ ಆಕೆಯ ಗೋರಿ ಅಗೆಸಿದ್ದು.

ಮರುವಾರ ಅಯ್ಯನವರು ಪೂಜೆ ಮಾಡಿದ ಮೇಲೆ ಅಗೆದರು. ಸುತ್ತ ಹಗ್ಗ ಕಟ್ಟಿದ್ದರು, ಅದೂ ಹೆಚ್ಚುಕಡಿಮೆ ದೊಡ್ಡವ್ವನ ಕಲ್ಲಿನ ಗುರುತಿಗೇ. ನಾವೆಲ್ಲ ಹಗ್ಗದ ಹೊರಗೆ. ಮೂರಡಿ ದಾಟಿದಾಗ ಅಳೆಯುವ ಪೆಟ್ಟಿಗೆ ಬೇಗಬೇಗ ಬಡಿಯತೊಡಗಿತು. ಉದ್ದನೆಯ ಇಕ್ಕಳದಿಂದ ಒಂದು ಸಣ್ಣ ಸೂಜಿಯನ್ನು ಎತ್ತಿ ಸೀಸದ ಡಬ್ಬಿಗೆ ಹಾಕಿದರು. ಮಣ್ಣನ್ನು ತಿರುಗಿ ಮುಚ್ಚಿ, ಬಾಯಾರು ತಮ್ಮ ಪುಸ್ತಕ ತೆರೆದು ದೊಡ್ಡವ್ವನನ್ನು ಕರೆದರು. ಸಂಖ್ಯೆ ನೀನೇ ಹೇಳು ಎಂದರು. ಮರ್ಯಾದೆಗೆಂದೇ ಕರೆದರು, ಪಾಪ. ದೊಡ್ಡವ್ವ ಬಾಯಿ ತೆರೆದಳು. ಹನ್ನೊಂದು ಎನ್ನಲು ಆಕೆಯಿಂದ ಆಗಲಿಲ್ಲ. ಕಾಶಿನಾಥರೇ ಹೇಳಿದರು, ಬಾಯಾರು ಬರೆದುಕೊಂಡರು.

ಅಂದು ಸಂಜೆ ನಾನು ಬಸ್ಸಿಗೆ ಹೊರಟಾಗ ದೊಡ್ಡವ್ವ ಹೊಸ್ತಿಲಲ್ಲಿ ತಡೆದಳು.

"ಒಂದ್ ಉಳದೈತಿ. ನಿಮ್ಮವ್ವ ಖರೇ ಏನಂದಿದ್ಲು ಹೇಳ್ತೀನಿ ನಿಂದ್ರು."

"ಹೇಳು."

"ಶಾಂಭವಿನ್ನ ಕರಕೊಂಡ ಬಾ, ಬಾಗಲದಾಗ ನಿಲ್ಲಿಸಿ ತೋರಿಸು ಅಂದಿದ್ಲು. ಮೂರು ದಿನಾನೂ ಅಂದ್ಲು. ಸೂಜಿ ಇಟ್ಟ ಖೋಲಿಗೆ ಕೂಸು ತರೂ ಹಂಗಿಲ್ಲ, ಐದ ದಿನ ತಡಿ ಅಂತ ನಾನ ತರಲಿಲ್ಲ."

  ಆಕೆಯ ಕೈ ಸರಿಸಿ ಬಸ್ ಹತ್ತಿದೆ. ತಿಂಗಳೊಪ್ಪತ್ತು ಫೋನ್ ಎತ್ತಲಿಲ್ಲ. ಅಂಗಡಿಯಲ್ಲಿ ಆ ಗಂಟು ಹಾಕುವುದನ್ನೂ ಬಿಟ್ಟೆ. ಸಿಟ್ಟು ಅಂದರೆ ಸಿಟ್ಟು.

ಮೇ ಮುಗಿಯುವಾಗ ತಡೆಯಲಾಗದೆ ಕುಬಿಹಾಳಕ್ಕೆ ಹೋದೆ, ಜಗಳವಾಡಿ ಬರೋಣ ಎಂದೇ. ಮನೆಯಲ್ಲಿ ಆಕೆ ಇರಲಿಲ್ಲ. ಹೊಲಕ್ಕೆ ನಡೆದೆ. ಉರಿಬಿಸಿಲಲ್ಲಿ ಎಪ್ಪತ್ತೆರಡರ ಮುದುಕಿ ಸೊಂಟದ ಮೇಲೆ ಕೊಡ ಹೊತ್ತು ಸಮಾಧಿಗೆ ನೀರು ಹಾಕುತ್ತಿದ್ದಳು.

"ಸೂಜಿ ಹೋತಲ್ಲ ಬೇ, ಈಗ್ಯಾಕ ನೀರು?" ಎಂದು ಕಲ್ಲಿನ ಹತ್ತಿರದಿಂದಲೇ ಕೂಗಿದೆ.

ಆಕೆ ತಿರುಗಿ ನೋಡಿದಳು. ಕೊಡ ಕೆಳಗಿಟ್ಟಳು. ಎರಡೂ ಕೈ ಮುಂದೆ ಚಾಚಿದಳು.

"ಬಾ. ಹತ್ರ ಬಾ ಶಾಂಭವಿ."

ಹುಟ್ಟಿದಾಗಿನಿಂದ ಆ ಜಾಗದಲ್ಲಿ ಆಕೆಯ ಬಾಯಿಂದ ಕೇಳದ ಮಾತು. ಹೋಗಬೇಕೆನ್ನಿಸಿತು. ದೇವರಾಣೆ ಹೋಗಬೇಕೆನ್ನಿಸಿತು. ಕಾಲು ಏಳಲಿಲ್ಲ. ಒಂಬತ್ತು ವರ್ಷದ ಹುಡುಗಿಯ ಜಡೆಯನ್ನು ಯಾರೋ ಹಿಂದಿನಿಂದ ಹಿಡಿದಂತೆ ನಿಂತೇ ಇದ್ದೆ. ಆಕೆ ಕೈ ಚಾಚಿಕೊಂಡು ಎಷ್ಟು ಹೊತ್ತು ನಿಂತಿದ್ದಳೋ ಗೊತ್ತಿಲ್ಲ.

"ಬಸ್ಸಿನ ಹೊತ್ತಾತು. ಇನ್ನೊಮ್ಮಿ ಬರ್ತೀನಿ," ಎಂದು ತಿರುಗಿ ಬಂದೆ.

ಆಷಾಢದ ಮೊದಲ ವಾರ ಶಿದ್ಲಿಂಗಪ್ಪ ಮಾವನ ಫೋನ್ ಬಂತು. ದೊಡ್ಡವ್ವ ನಿದ್ದೆಯಲ್ಲೇ ಹೋಗಿದ್ದಳು. ತಲೆದಿಂಬಿನ ಬಾಜು ನಮ್ಮ ಹಳೆಯ ಸೂಜಿಡಬ್ಬಿ ಇತ್ತು. ತೆರೆದು ಎಣಿಸಿದೆ, ಎಲ್ಲ ಸರಿ ಇದ್ದವು.

ಅವ್ವನ ಮಗ್ಗುಲಿಗೇ ಕುಣಿ ತೆಗೆದಿದ್ದರು. ಮಳೆ ಬಿದ್ದು ಎರೆಮಣ್ಣು ಕಾಲಿಗೆ ಅಂಟುತ್ತಿತ್ತು, ಒಂದು ಬಿರುಕೂ ಉಳಿದಿರಲಿಲ್ಲ. ಎಲ್ಲರೂ ಮಣ್ಣು ಕೊಟ್ಟರು. ನಾನು ಮೂರು ಕಲ್ಲಿನ ಹತ್ತಿರ ನಿಂತಿದ್ದೆ.

"ಶಾಂಭವಿ, ಮಣ್ಣು ಕೊಡು ಬಾರವ್ವ, ಹೊತ್ತಾತು," ಎಂದು ಮಾವ ಕರೆದ.

"ಬಂದೆ ಬೇ ದೊಡ್ಡವ್ವ," ಎಂದು ಕೂಗಿದೆ. ಸುತ್ತಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕಲ್ಲು ದಾಟಿ, ಎಣಿಸುತ್ತಾ ನಡೆದೆ. ಇಪ್ಪತ್ತೇ ಹೆಜ್ಜೆ. ಹಿಡಿ ಮಣ್ಣು ತೆಗೆದುಕೊಂಡು ಅವ್ವನಿಗೂ ದೊಡ್ಡವ್ವನಿಗೂ ನಡುವೆ ನಿಂತೆ. ಬರಬೇಡ ಎಂದವಳೂ, ಕರೆದುಕೊಂಡು ಬಾ ಎಂದವಳೂ ಇಬ್ಬರೂ ಮಣ್ಣೊಳಗಿದ್ದರು. ಮಣ್ಣು ಹಾಕಿ ಅಲ್ಲೇ ಕೂತೆ. ಜನ ಎಲ್ಲ ಹೋದ ಮೇಲೂ ಎದ್ದು ಬಾ ಎಂದು ನನ್ನನ್ನು ಯಾರೂ ಕರೆಯಲಿಲ್ಲ.